ನಲ್ಲಿ ನೀರಿನ ಮೀನುಗಳು

ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿರುತ್ತದೆ. ಗಂಜಿ ಮೇಡಂಗೆ ಅದು ಕಾಲಲ್ಲಿರುತ್ತಿತ್ತು. ಆ ಬೆಳಿಗ್ಗೆ ಅವಳು ಲಾಂಡ್ರಿಯ ಬಾಗಿಲನ್ನು ಅರ್ಧ ಎಳೆದು, ನೀರು ತುಂಬಿದ ಪ್ಲಾಸ್ಟಿಕ್ ಚೀಲವೊಂದನ್ನು ಹಿಡಿದುಕೊಂಡು ಬೀದಿಯ ಆ ತುದಿಯ ಅಕ್ವೇರಿಯಂ ಅಂಗಡಿಗೆ ದಡದಡ ನಡೆದ ರೀತಿ ನೋಡಿ, ಎದುರು ಬಂದವರೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದರು.

ಗಂಜಿ ಅವಳ ಹೆಸರಲ್ಲ, ಬೀದಿ ಇಟ್ಟದ್ದು. ಅವಳು ಇಸ್ತ್ರಿ ಮಾಡಿದ ಕಾಲರ್ ಎಷ್ಟು ಬಿರುಸೋ ಅವಳ ಮಾತೂ ಅಷ್ಟೇ ಬಿರುಸು ಅಂತ. ಎದುರಿಗೆ ಹಾಗೆ ಕರೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

"ರೀ, ಏನ್ರೀ ಇದು ನೀವು ಕೊಟ್ಟಿರೋದು?"

ಅಂಗಡಿಯವನು ಸ್ಟೂಲಿನ ಮೇಲೆ ನಿಂತು ತೊಟ್ಟಿಯೊಂದರ ಗಾಜು ಉಜ್ಜುತ್ತಿದ್ದ. ಕನ್ನಡಕದ ತುಂಬ ನೀರಿನ ಚುಕ್ಕೆಗಳು. ಅವನು ಬಗ್ಗಿ ಚೀಲವನ್ನು ನೋಡಿದ. "ಮೀನು," ಅಂದ.

"ಮೀನು ಅಂತ ನಂಗೂ ಗೊತ್ತು! ನಿಂತಲ್ಲೇ ನಡುಗ್ತಾ ಇದೆ ನೋಡಿ. ಇದರ ಜೊತೆಯವು ಎರಡು ಆಗಲೇ ಹೋದ್ವು. ನಮ್ಮಪ್ಪ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ರೋಗದ ಮೀನು ಮಾರೋಕೆ ನಾಚಿಕೆ ಆಗಲ್ವಾ?"

ಅಪ್ಪ ಲಾಂಡ್ರಿಯನ್ನು ಕಟ್ಟಿದವರು. ಸೊಂಟದ ಆಪರೇಷನ್ ಆದಮೇಲೆ ಇಸ್ತ್ರಿ ಮೇಜಿನ ಮುಂದೆ ನಿಲ್ಲುವುದು ನಿಂತುಹೋಗಿತ್ತು. ಜೀವನವಿಡೀ ವಾಷಿಂಗ್ ಮೆಷಿನ್ನಿನ ದುಂಡು ಗಾಜಿನ ಮುಂದೆ ಕೂತ ಮನುಷ್ಯ, ಈಗ ಬರೀ ಗೋಡೆ ನೋಡುತ್ತಿದ್ದರು. ಅದನ್ನು ನೋಡಲಾರದೆ ಮಗಳು ಗಾಜಿನ ತೊಟ್ಟಿ ತಂದಳು. ಮೊದಲ ದಿನ ಅಪ್ಪ ಮೀನುಗಳನ್ನೇ ನೋಡುತ್ತಾ, "ಇದು ಯಾವಾಗ ನಿಲ್ಲುತ್ತೆ ಪುಟ್ಟಿ?" ಅಂತ ಕೇಳಿ ತಮ್ಮ ಜೋಕಿಗೆ ತಾವೇ ನಕ್ಕಿದ್ದರು. ತಿಂಗಳುಗಳ ಮೇಲೆ ಕೇಳಿದ ಆ ನಗು ಮತ್ತೆ ಹೋಗಿಬಿಟ್ಟರೆ ಎಂಬ ಹೆದರಿಕೆಯೇ ಅವಳ ಕೋಪದ ಒಳಗಿದ್ದದ್ದು.

ಅಂಗಡಿಯವನು ಸ್ಟೂಲಿನಿಂದ ಇಳಿದ. "ನಮ್ಮ ಬೀದಿಯ ನಲ್ಲಿ ನೀರು ಗಡಸು ಅಂತಲೇ ನಾನು ಈ ಕಪ್ಪು ಮಾಲಿ ಮೀನು ಕೊಟ್ಟಿದ್ದು. ಯಾವ ನೀರು ಹಾಕಿದ್ರಿ?"

ಅವಳು ಕತ್ತು ನೆಟ್ಟಗೆ ಮಾಡಿಕೊಂಡಳು. "ನಲ್ಲಿ ನೀರು ಹಾಕೋಕೆ ನಾನೇನು ದಡ್ಡಿನಾ? ಆ ನೀರಲ್ಲಿ ಸೋಪು ನೊರೆ ಬರಲ್ಲ, ಪಾತ್ರೆಯಲ್ಲೆಲ್ಲ ಬಿಳಿ ಕರೆ. ನಮ್ಮ ಲಾಂಡ್ರಿ ಹಿಂದೆ ನೀರನ್ನ ಮೆದು ಮಾಡೋ ಮೆಷಿನ್ ಇದೆ. ಆ ನೀರು ಹಾಕಿದೀನಿ. ರೇಷ್ಮೆಗೆ ಹಾಕೋ ನೀರು!"

ಅವನು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ತೆರೆದಾಗ ಕಣ್ಣಿನ ಅಂಚಿನಲ್ಲಿ ನಗುವಿತ್ತು. ಹಂಗಿಸುವ ನಗುವಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಮೇಡಂ, ನಿಮ್ಮ ಮೆಷಿನ್ ನೀರಲ್ಲಿರೋ ಸುಣ್ಣ ತೆಗೆದು ಉಪ್ಪು ಬಿಡುತ್ತೆ. ಬಟ್ಟೆಗೆ ಅದು ಅಮೃತ. ಈ ಮೀನಿಗೆ ಆ ಸುಣ್ಣವೇ ಬೇಕು. ಅದಿಲ್ಲದೆ ನಡುಗ್ತಾ ಇದೆ ಪಾಪ."

ಗಂಜಿ ಮೇಡಂ ಬಾಯಿ ತೆರೆದಳು, ಮುಚ್ಚಿದಳು. ಎದುರಿಗಿದ್ದ ತೊಟ್ಟಿಯ ಮೀನೊಂದು ಅದನ್ನೇ ಮಾಡುತ್ತಿತ್ತು.

"ಹಾಗಾದ್ರೆ ಅವನ್ನ ಕೊಡಿ." ಸೋಲೊಪ್ಪದೆ ಅವಳು ಮೂಲೆಯ ತೊಟ್ಟಿಯಲ್ಲಿ ನೀಲಿಯಾಗಿ ಮಿನುಗುತ್ತಿದ್ದ ಸಣ್ಣ ನಿಯಾನ್ ಟೆಟ್ರಾಗಳನ್ನು ತೋರಿಸಿದಳು.

"ಕೊಡಲ್ಲ."

"ಯಾಕೆ? ಅಂಗಡಿ ಇಟ್ಟಿರೋದು ಮಾರೋಕೆ ತಾನೇ?"

"ಅವು ಹುಟ್ಟಾ ಮೆದು ನೀರಿನವು. ನಿಮ್ಮದು ಬಲವಂತಕ್ಕೆ ಮೆದುವಾಗಿರೋ ನೀರು, ಅದರಲ್ಲಿ ಅವೂ ಬಾಳಲ್ಲ."

"ಆ ಚಂದದ ರೆಕ್ಕೆಯ ಏಂಜಲ್?"

"ಅದಂತೂ ಬೇಡ. ಸಣ್ಣ ಮೀನುಗಳ ಜೊತೆ ಬಿಟ್ಟರೆ ಒಂದೊಂದಾಗಿ ನುಂಗಿಬಿಡುತ್ತೆ." ಅವನು ಅವಳ ಕೈಯಿಂದ ಚೀಲವನ್ನು ಮೆಲ್ಲಗೆ ತೆಗೆದುಕೊಂಡ. "ಮೀನು ನೋಡಿ ನೀರು ಬದಲಾಯಿಸೋಕೆ ಹೋಗಬಾರದು ಮೇಡಂ. ನೀರು ನೋಡಿ ಮೀನು ಆರಿಸಬೇಕು. ಮಾಲಿ, ಗಪ್ಪಿ, ಪ್ಲಾಟಿ, ಬೇಕಾದ್ರೆ ಒಂದೆರಡು ಬಸವನ ಹುಳ. ಎಲ್ಲವೂ ಗಡಸು ನೀರಲ್ಲಿ ಖುಷಿಯಾಗಿರ್ತವೆ, ಒಂದಕ್ಕೊಂದು ಕಚ್ಚಾಡಲ್ಲ. ನಲ್ಲಿ ನೀರನ್ನ ಒಂದು ದಿನ ಬಕೆಟ್‌ನಲ್ಲಿಟ್ಟು, ದಿನಾ ಒಂದೊಂದು ಚೊಂಬು ಬದಲಾಯಿಸಿ. ಆತುರ ಬೇಡ."

ಅವಳು ಹಾಗೇ ಮಾಡಿದಳು, ಮಾಲಿಯ ಜೊತೆಗೆ ನಾಲ್ಕು ಗಪ್ಪಿಗಳನ್ನೂ ಒಯ್ದಳು. ಕಪ್ಪು ಮಾಲಿಯ ನಡುಕ ನಿಂತಿತು. ಅಪ್ಪ ಎರಡನೇ ಸಲ ಬಡಿಸಿಕೊಂಡು ಊಟ ಮಾಡಿದರು. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಆದರೆ ವಾರಕ್ಕೊಮ್ಮೆ ಗಂಜಿ ಮೇಡಂ ಬಾಟಲಿಯಲ್ಲಿ ತೊಟ್ಟಿಯ ನೀರು ತುಂಬಿಕೊಂಡು, "ಯಾಕೋ ಡೌಟು, ಟೆಸ್ಟ್ ಮಾಡಿ ನೋಡಿ," ಅಂತ ಅಂಗಡಿಗೆ ಹೋಗತೊಡಗಿದಳು. ಅವನು ಗಾಜಿನ ಕೊಳವೆಗೆ ಔಷಧಿ ಹನಿಸಿ, ಬಣ್ಣ ತಿರುಗುವವರೆಗೆ ಬೆಳಕಿಗೆ ಹಿಡಿದು ನಿಲ್ಲುತ್ತಿದ್ದ. ಅವಳು ಬಣ್ಣವನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದಳು. ಮೊಣಕೈವರೆಗೆ ಮಡಚಿದ ತೋಳು, ನೀರಲ್ಲೇ ಇದ್ದು ಸುಕ್ಕುಗಟ್ಟಿದ ಬೆರಳ ತುದಿಗಳು, ಹನಿ ಹಾಕುವಾಗ ತುಟಿ ಕಚ್ಚಿಕೊಳ್ಳುವ ಅಭ್ಯಾಸ. ಅವನು ತಟ್ಟನೆ ತಿರುಗಿದರೆ ಅವಳು ಪಕ್ಕದ ತೊಟ್ಟಿಗೆ ಬೈಯುತ್ತಿದ್ದಳು. "ಏನ್ರೀ ಈ ಗಾಜು, ಇಷ್ಟು ಪಾಚಿ!"

ಅವನೂ ಕಡಿಮೆಯೇನಲ್ಲ. ವಾರಕ್ಕೊಮ್ಮೆ ಒಂದು ಬಿಳಿ ಅಂಗಿ ತಂದು ಲಾಂಡ್ರಿಯ ಕೌಂಟರ್ ಮೇಲಿಡುತ್ತಿದ್ದ. ಪ್ರತಿ ಸಲ ಅದೇ ಅಂಗಿ. ಬಟ್ಟೆಯ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದುಂಟೇ? ಕಾಲರಿನಲ್ಲಿ ಬೆವರಿಲ್ಲ. ಹೋದ ವಾರ ಅವಳೇ ಇಸ್ತ್ರಿ ಒತ್ತಿ ಕೂರಿಸಿದ ಗೆರೆ ತೋಳಿನಲ್ಲಿ ಹಾಗೇ ನಿಂತಿದೆ. ಅವಳು ತುಟಿಪಿಟಕ್ಕೆನ್ನದೆ ಅದನ್ನು ಮತ್ತೆ ಒಗೆದು ಗಂಜಿ ಹಾಕಿ ಕೊಡುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಇಬ್ಬರದೂ.

ಸಂತೋಷ ಹೆಚ್ಚಾದಂತೆ ಅವಳಿಗೆ ದಿಗಿಲೂ ಹೆಚ್ಚಾಯಿತು. ಹಿಂದೊಮ್ಮೆ ಮದುವೆಗೆ ಗೊತ್ತಾಗಿದ್ದ ಸಂಬಂಧವೊಂದು ಮುರಿದುಬಿದ್ದಿತ್ತು. "ನಿನ್ನ ಜೊತೆ ಮಾತಾಡೋದು ಅಂದ್ರೆ ಬಿಗಿ ಕಾಲರ್ ಹಾಕ್ಕೊಂಡು ಉಸಿರಾಡಿದ ಹಾಗೆ," ಅಂದು ಹೋಗಿದ್ದ ಆ ಮನುಷ್ಯ. ಇವನೂ ಹಾಗೇ ಹೋಗಿಬಿಟ್ಟರೆ? ಈ ಸಲ ಅವಳಿಗೆ ತಡೆದುಕೊಳ್ಳುವ ಶಕ್ತಿ ಇರಲಿಲ್ಲ. ಫೋನಿನಲ್ಲಿ ಚಿಕ್ಕಮ್ಮ ಬೇರೆ ಹಾಡಿದ್ದೇ ಹಾಡು. "ಸ್ವಲ್ಪ ಮೆತ್ತಗೆ ಮಾತಾಡೋದು ಕಲಿಯೇ. ಗಂಡಸರು ಮೃದು ಮಾತಿಗೆ ಸೋಲ್ತಾರೆ."

ಸರಿ, ಗಂಜಿ ಮೇಡಂ ಮೃದುವಾದಳು. ಮುಂದಿನ ಸಲ ಅವನು ಅಂಗಿ ತಂದಾಗ, "ನಮಸ್ಕಾರ, ಚೆನ್ನಾಗಿದ್ದೀರಾ? ತಮಗೆ ಯಾವಾಗ ಅನುಕೂಲವೋ ಆಗ ಬಂದು ತಗೊಂಡು ಹೋಗಿ," ಅಂದಳು.

ಅವನು ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ. "ಗಂಟಲು ನೋವಾ?" ಅಂತ ಕೇಳಿದ.

"ಇಲ್ಲವಲ್ಲ. ದಯವಿಟ್ಟು ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಅಂಗಡಿಯಲ್ಲೂ ಅವಳು ಪಾಚಿಗೆ ಬೈಯಲಿಲ್ಲ, "ಥ್ಯಾಂಕ್ಸ್, ತಮಗೆ ತೊಂದರೆ ಕೊಟ್ಟೆ," ಅಂದು ಬಂದಳು. ಅವನ ಮುಖ ಸಣ್ಣದಾದದ್ದು ಅವಳಿಗೆ ಕಾಣಿಸಿತು, ಕಾರಣ ಹೊಳೆಯಲಿಲ್ಲ. ಆಮೇಲೆ ಅಂಗಿ ಬರುವುದು ನಿಂತಿತು. ಒಗೆದಿಟ್ಟಿದ್ದ ಆ ಬಿಳಿ ಅಂಗಿಯನ್ನು ಒಯ್ಯಲು ಅವನು ಬಂದಾಗಲೂ ಬಾಗಿಲಲ್ಲೇ ನಿಂತು ತಗೊಂಡು ಹೋದ. ಮೃದುವಾದರೂ ಹೋದನಲ್ಲ ಅಂತ ಅವಳು ಇಸ್ತ್ರಿ ಪೆಟ್ಟಿಗೆಯ ಹಿಂದೆ ಮುಖ ತಿರುಗಿಸಿಕೊಂಡು ಅತ್ತಳು.

ಒಂದು ಬೆಳಿಗ್ಗೆ ಅಪ್ಪ ಕೂಗಿದರು. "ಪುಟ್ಟೀ, ಕರಿಯಮ್ಮ ಕಾಣಿಸ್ತಿಲ್ಲ!"

ಕರಿಯಮ್ಮ ಅಂದರೆ ಆ ಕಪ್ಪು ಮಾಲಿ. ಹುಡುಕಿದರೆ ಗಿಡದ ಹಿಂದೆ ಮೂಲೆ ಹಿಡಿದಿತ್ತು. ಹೊಟ್ಟೆ ಊದಿತ್ತು, ಊಟ ಹಾಕಿದರೂ ಕದಲಲಿಲ್ಲ. ಅಪ್ಪನ ಮುಖ ನೋಡುತ್ತಲೇ ಅವಳ ಮೃದುತನವೆಲ್ಲ ಗಾಳಿಗೆ ಹಾರಿತು. ಫೋನ್ ಎತ್ತಿಕೊಂಡಳು.

"ರೀ! ಎಲ್ಲಿದ್ದೀರಿ? ಮೀನು ಮಾರಿಬಿಟ್ಟರೆ ಮುಗೀತಾ? ಇಲ್ಲಿ ಕರಿಯಮ್ಮ ಸಾಯ್ತಾ ಇದೆ, ನಮ್ಮಪ್ಪ ಅಳೋ ಹಾಗಿದಾರೆ. ಇದ್ದ ಹಾಗೇ ಓಡಿ ಬನ್ರೀ!"

ಅವನು ನಿಜಕ್ಕೂ ಇದ್ದ ಹಾಗೇ ಬಂದ. ಅವಳೇ ಗಂಜಿ ಹಾಕಿದ ಬಿಳಿ ಅಂಗಿ, ಕೈಯಲ್ಲಿ ಬಲೆ, ಏದುಸಿರು. ಸಾಯುವ ಮೀನನ್ನು ನೋಡಲು ಬಂದವನ ಮುಖ ಅಷ್ಟೊಂದು ಅರಳಿರುವುದು ಅವಳಿಗೆ ಚೂರೂ ಹಿಡಿಸಲಿಲ್ಲ.

ಅವನು ಗಾಜಿಗೆ ಮುಖ ತಾಗಿಸಿ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿದ. "ಸಾಯ್ತಾ ಇಲ್ಲ ಸಾರ್. ಹೆರ್ತಾ ಇದೆ."

ಗಿಡದ ಬುಡದಲ್ಲಿ ರೆಪ್ಪೆಯ ಕೂದಲಿನಷ್ಟು ಸಣ್ಣ ಕಪ್ಪು ಚೂರೊಂದು ತೇಲಿತು. ಅದಕ್ಕೆ ಎರಡು ಕಣ್ಣಿದ್ದವು. ಹಿಂದೆಯೇ ಇನ್ನೊಂದು ಬಂತು. "ಬೇರೆ ಮೀನು ತಿಂದುಬಿಡ್ತವೆ!" ಅಂತ ಅವನು ತೋಳು ಮಡಚುವುದನ್ನೂ ಮರೆತು ಭುಜದವರೆಗೆ ಕೈ ಇಳಿಸಿ, ಮರಿಗಳನ್ನು ಬಲೆಗೆ ಹಿಡಿದು ಹಿಡಿದು ಅಪ್ಪ ಒಡ್ಡಿದ ಗಾಜಿನ ಬಟ್ಟಲಿಗೆ ಬಿಟ್ಟ. ಅಪ್ಪ ಮಗುವಿನಂತೆ ನಗುತ್ತಿದ್ದರು. ಗಂಜಿ ಮೇಡಂಗೆ ಹೋದ ಜೀವ ಬಂದ ಹಾಗಾಯಿತು, ಅಲ್ಲೇ ನೆಲದ ಮೇಲೆ ಕೂತಳು.

ಅವನೂ ಬಂದು ಅವಳ ಪಕ್ಕ ಕೂತ. ತೋಳಿನಿಂದ ನೀರು ಸೋರುತ್ತಿತ್ತು.

"ಅದೇನು ಬರುವಾಗ ಅಷ್ಟು ನಗು?" ಅವಳು ಕೇಳಿದಳು.

"ನೀವು ಬೈದ್ರಲ್ಲ."

"ಬೈದ್ರೆ ಖುಷಿನಾ?"

"ಮತ್ತೆ? ಬೈಯೋದು ನಮ್ಮವರನ್ನ. ತಾವು, ದಯವಿಟ್ಟು, ಥ್ಯಾಂಕ್ಸ್ ಎಲ್ಲ ಹೊರಗಿನವರಿಗೆ. ನನ್ನನ್ನ ದೂರ ಇಡ್ತಿದ್ದೀರಿ ಅಂದ್ಕೊಂಡೆ. ಇಷ್ಟ ಇಲ್ಲ ಅಂತ ಮರ್ಯಾದೆಯಿಂದ ಹೇಳ್ತಿದ್ದೀರಿ ಅಂತ."

ಅವಳಿಗೆ ನಗು ಅಳು ಒಟ್ಟಿಗೇ ಬಂದವು. "ನಾನು ಮೃದುವಾಗಿದ್ರೆ ನಿಮಗೆ ಇಷ್ಟ ಆಗುತ್ತೆ ಅಂದ್ಕೊಂಡೆ ಕಣ್ರೀ."

"ಅಯ್ಯೋ!" ಅವನು ಹಣೆ ಚಚ್ಚಿಕೊಂಡ. "ಮೊದಲು ನೀರಿಗೆ ಹಾಗೆ ಮಾಡಿದ್ರಿ. ಈಗ ನಿಮಗೂ ಮಾಡ್ಕೊಂಡ್ರಾ? ಒಂದು ಮಾತು ಹೇಳ್ಲಾ? ನೀವು ತರೋ ನೀರಿಗೆ ಏನೂ ಆಗಿರ್ಲಿಲ್ಲ, ಯಾವತ್ತೂ."

"ನಿಮ್ಮ ಅಂಗಿಗೂ ಕೊಳೆ ಆಗಿರ್ಲಿಲ್ಲ, ಯಾವತ್ತೂ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಈ ಸಲ ಅವಳು ಬೈಯಲು ಬೇರೆ ತೊಟ್ಟಿ ಹುಡುಕಲಿಲ್ಲ.

"ನಂಗೆ ನೀವು ಬೇಕು," ಅಂದ ಅವನು. "ನಲ್ಲಿಯಿಂದ ಬಂದ ಹಾಗೇ."

"ದಿನಾ ಬೈತೀನಿ ನೋಡಿ."

"ಒಂದೊಂದು ಚೊಂಬು ಸಾಕು. ಆತುರ ಬೇಡ."

ಅವಳು ಅವನ ಒದ್ದೆ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಟ್ಟಲನ್ನು ಹಿಡಿದ ಅಪ್ಪ ಮರಿಗಳನ್ನು ಎಣಿಸುತ್ತಾ, ಈ ಕಡೆ ನೋಡದೆಯೇ ಕೇಳಿದರು. "ಪುಟ್ಟಿ, ಇನ್ನೂ ದೊಡ್ಡ ತೊಟ್ಟಿ ಬೇಕಾಗುತ್ತೆ, ಅಲ್ವಾ?"

ಸಂಜೆ ಲಾಂಡ್ರಿಯಲ್ಲಿ ಅವಳು ಆ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಕೊನೆಗೂ ಕೊಳೆಯಾಗಿತ್ತು. ಪಾಚಿ ಒಂದೇ ಒಗೆತಕ್ಕೆ ಹೋಯಿತು. ಗಡಸು ನೀರು ಒಣಗಿ ಭುಜದ ಹತ್ತಿರ ಉಳಿಸಿದ ತೆಳು ಬಿಳಿ ಗೆರೆ ಮಾತ್ರ ನಿಂತಿತ್ತು, ಬಿಳಿ ಬಟ್ಟೆಯ ಮೇಲೆ ಅವಳ ಕಣ್ಣಿಗಷ್ಟೇ ಕಾಣುವಂತೆ. ಎರಡು ಹನಿ ವಿನೆಗರ್ ಹಾಕಿದರೆ ಅದು ಹೋಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಅವಳು ಬಾಟಲಿಯನ್ನು ಮುಟ್ಟಲಿಲ್ಲ. ಗೆರೆಯನ್ನು ಹಾಗೇ ಬಿಟ್ಟು, ಸುತ್ತಲೂ ಇಸ್ತ್ರಿ ಮಾಡಿದಳು.