ಸೋನುನ್ ಅಪಾಳ ತೊಟ್ಟಿಲು

ಎಡಮಗ್ಗುಲಿಗೆ ಹೊರಳಿದ್ದೇ ತಡ, ಕೋಣೆ ಗಿರ್ರನೆ ತಿರುಗಿತು.

ಬೇಗಿಮಾಯ್ ಮಂಚದ ಅಂಚು ಹಿಡಿದುಕೊಂಡಳು. ಮನಸ್ಸು ಹುಡುಕಿದ್ದು ಮಾತ್ರ ಬೇರೆಯದನ್ನು... ತಲೆಯನ್ನು ಎರಡೂ ಕಡೆಯಿಂದ ಹಿಡಿದು ಮೆಲ್ಲಗೆ ಹೊರಳಿಸುವ ಎರಡು ಕೈಗಳನ್ನು.

ಆ ಕೈಗಳನ್ನು ಮಣ್ಣು ಮಾಡಿ ಆಗಿತ್ತು.

ಹೆಣವಿಡಲು ಅಂಗಳದಲ್ಲಿ ಹಾಕಿದ್ದ ಸಾವಿನ ಡೇರೆಯನ್ನು ನಿನ್ನೆ ಬಿಚ್ಚಿದ್ದರು. ಹುಲ್ಲಿನ ಮೇಲೆ ದುಂಡನೆಯ ಬಿಳಿಚಿದ ಗುರುತು ಉಳಿದಿತ್ತು. ನೆಂಟರೆಲ್ಲ ಹೊರಟುಹೋಗಿದ್ದರು. ಓಶ್ ನಗರದ ಬೀದಿಯಲ್ಲಿ ಹಾಲಿನವಳು ಎಂದಿನಂತೆ ಕೂಗುತ್ತಿದ್ದಳು.

'ಇಷ್ಟೇನಾ? ಎಲ್ಲ ಮೊದಲಿನ ಹಾಗೇನಾ?'

ಗಂಡನನ್ನು ಮೊದಲು ಕಂಡದ್ದೂ ಹೀಗೇ ಲೋಕ ತಿರುಗುತ್ತಿದ್ದಾಗ. ತಾಲಾಯ್ ಒಳಗಿವಿಯ ರೋಗಗಳ ಸಂಶೋಧಕ. ಅವಳ ತಲೆಯನ್ನು ಸರಕ್ಕನೆ ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ಬಗ್ಗಿದ್ದ.

"ಕಣ್ಣು ಮುಚ್ಚಬೇಡಿ. ನನ್ನನ್ನೇ ನೋಡಿ."

"ನೀವ್ಯಾಕೆ ಹಾಗೆ ದಿಟ್ಟಿಸ್ತಿದ್ದೀರ?"

"ನಿಮ್ಮ ಕಣ್ಣು ಕುಣೀತಿದೆ. ಯಾವ ಕಡೆಗೆ ಅಂತ ನೋಡ್ತಿದ್ದೀನಿ."

"ಇನ್ನೂ ನೋಡಿ ಮುಗೀಲಿಲ್ವಾ ಡಾಕ್ಟರೇ?"

ಅವನ ಕಿವಿ ಕೆಂಪಾಗಿತ್ತು! ಆಮೇಲೆ ತಡವರಿಸುತ್ತಾ ವಿವರಿಸಿದ್ದ. ಕಿವಿಯ ಒಳಗೊಂದು ಪುಟ್ಟ ಮೊಗಸಾಲೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಅವು ಜಾರಿ ಪಕ್ಕದ ಕೊಳವೆಗೆ ಬಿದ್ದರೆ ತಲೆಸುತ್ತು.

"ವಾಪಸ್ ಕಳಿಸಿದ್ದೀನಿ."

"ಮತ್ತೆ ಜಾರಿದ್ರೆ?"

"ನಾನಿರ್ತೀನಲ್ಲ."

ನಾನಿರ್ತೀನಲ್ಲ...!

ಬೇಗಿಮಾಯ್ ಎದ್ದಳು. ಮೂಲೆಯಲ್ಲಿ ನೆಲದ ಮೇಲಿಟ್ಟು ತೂಗುವ ಮರದ ತೊಟ್ಟಿಲಿತ್ತು, ಹೊದಿಸಿದ ಬಟ್ಟೆಯ ಸಮೇತ.

"ಇವನು ಯಾರಿಗಾದರೂ ಏನಾದರೂ ಕೊಡಬೇಕಿತ್ತಾ? ಇದ್ದರೆ ನನ್ನನ್ನು ಕೇಳಿ" ಎಂದು ಮಾವ ಹೆಣದ ಮುಂದೆ ನಿಂತು ಕೇಳಿದ್ದು ಕಿಟಕಿಯೊಳಗಿಂದ ಅವಳಿಗೂ ಕೇಳಿಸಿತ್ತು. ಯಾರೂ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಮುದುಕಿ ಸೋನುನ್ ಅಪಾ ಕೂಡ. ತೊಟ್ಟಿಲು ಅವಳದು. ತಾಲಾಯ್ ಸಂಶೋಧನೆಗೆಂದು ಎರವಲು ತಂದಿದ್ದ.

ಗಂಡ ಹೆಂಡಿರ ಕಡೇ ಜಗಳವೂ ಅದರ ಮೇಲೇ. ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ; ಹುಟ್ಟುವ ಕೂಸಿಗೆ ಕೇಡು. ಬಸುರು ನಿಲ್ಲದೆ ಚಳಿಗಾಲವಿಡೀ ಅತ್ತವಳ ಮನೆಯಲ್ಲೇ, ಗಡಿಯಾರ ನೋಡುತ್ತಾ ಅವನು ಬಟ್ಟೆ ಮುಚ್ಚಿದ ತೊಟ್ಟಿಲು ತೂಗುತ್ತಿದ್ದ!

"ಬೇಗಿಮ್, ಒಂದ್ನಿಮಿಷ ಕೇಳು..."

"ನಿನಗೆ ನನ್ನ ನೋವೂ ಒಂದು ಪ್ರಯೋಗ!"

ಮರುದಿನ ಹಳ್ಳಿಯ ರೋಗಿಗಳನ್ನು ನೋಡಲು ಹೊರಟವನ ಕಾರು ಕಣಿವೆಯ ದಾರಿಯಲ್ಲಿ ಉರುಳಿತು.

'ನನ್ನನ್ನು ಪ್ರೀತಿಸ್ತಿದ್ದೆಯಾ, ತಾಲಾಯ್? ಇನ್ನು ಯಾರನ್ನು ಕೇಳಲಿ?'

ಹೊದಿಕೆ ಸರಿಸಿ ನೋಡಲೂ ಮನಸ್ಸಾಗಲಿಲ್ಲ. ತೊಟ್ಟಿಲನ್ನು ಹಾಗೇ ಹೊತ್ತು ಪಕ್ಕದ ಅಂಗಳಕ್ಕೆ ಹೋದಳು.

ತಂದೂರಿ ಒಲೆಯ ಒಳಗೋಡೆಗೆ ರೊಟ್ಟಿ ತಟ್ಟುತ್ತಿದ್ದ ಸೋನುನ್ ಅಪಾ ಓಡಿ ಬಂದಳು.

"ಹುಚ್ಚು ಹುಡುಗಿ! ಒಬ್ಬಳೇ ಹೊತ್ಕೊಂಡು ಬಂದ್ಯಾ? ತಲೆ ಸುತ್ತಿ ಬಿದ್ದಿದ್ರೆ?"

"ನಿಮ್ಮ ತೊಟ್ಟಿಲು, ಅಪಾ. ಅವನ ಮೇಲೆ ಋಣ ಬೇಡ."

"ಋಣವಂತೆ! ನಾನು ಕೇಳಿದ್ನಾ? ...ಅವನ ಕೆಲಸ ಮುಗೀತಾ?"

"ಯಾವ ಕೆಲಸ?"

"ಹೇಳಿರ್ಲಿಲ್ವಾ? 'ಅಪಾ, ನನ್ನವಳು ಹೊರಳೋಕೆ ಹೆದರಿ ನಿದ್ದೇನೇ ಬಿಟ್ಟಿದ್ದಾಳೆ. ತೊಟ್ಟಿಲ ತೂಗು ಕೂಸಿನ ಕಿವಿಯೊಳಗೆ ಹೋಗಿ ಮಲಗಿಸುತ್ತೆ. ಅದೇ ತೂಗಿನ ಮಂಚ ಅವಳಿಗೆ ಮಾಡಿಸ್ತೀನಿ' ಅಂದ. 'ಹೆಂಡ್ತೀನೇ ಕೂಸು ಮಾಡ್ತೀಯೇನೋ, ಪೆದ್ದ' ಅಂತ ನಕ್ಕಿದ್ದೆ."

ಬೇಗಿಮಾಯ್ ತೊಟ್ಟಿಲ ಹೊದಿಕೆಯತ್ತ ತಿರುಗಿದಳು.

"ಆದ್ರೂ... ಖಾಲಿ ತೊಟ್ಟಿಲು ತೂಗಿದ, ಅಪಾ. ನಾನೇ ನೋಡಿದೆ."

"ಖಾಲಿ ತೂಗಿದ್ರೆ ಕೈ ಮುರೀತೀನಿ ಅಂದಿದ್ದೆ. ತೂಗಿರಲಾರ!"

ಮುದುಕಿ ಹೊದಿಕೆ ಎಳೆದಳು.

ಒಳಗೆ ಬೇಗಿಮಾಯಳ ಕೆಂಪು ಶಾಲು! ಕಳೆದುಹೋಯಿತೆಂದು ಮನೆಯೆಲ್ಲ ಜಾಲಾಡಿದ್ದಳು. ಕೂಸಿನ ಹಾಗೆ ಉದ್ದಕ್ಕೆ ಮಡಚಿ, ತೊಟ್ಟಿಲ ಪಟ್ಟಿಗಳಿಂದ ಹಗುರವಾಗಿ ಕಟ್ಟಿದ್ದ. ತಲೆಯ ಕಡೆ ತೂಗು ಅಳೆಯುವ ಸಣ್ಣ ಯಂತ್ರ. ಎಡಗಡೆಗೊಂದು ಪುಟ್ಟ ದಿಂಬು... ಎಡಕ್ಕೆ ಹೊರಳದಂತೆ.

ಅವಳು ಅಲ್ಲೇ ಕುಸಿದಳು. ಮಣ್ಣು ಮಾಡಿದ ದಿನವೂ ಬಾರದ ಅಳು ಈಗ ಬಂತು.

ಸೋನುನ್ ಅಪಾ ಹಿಟ್ಟಿನ ಕೈಯಲ್ಲೇ ಅವಳ ತಲೆ ಸವರಿದಳು. ರೊಟ್ಟಿ ಸೀಯುವ ವಾಸನೆ ಬಂದರೂ ಏಳಲಿಲ್ಲ.

"ಶಾಲು ತಗೊಂಡು ಹೋಗು, ಮಗಳೇ."

"ತೊಟ್ಟಿಲು ಖಾಲಿ ಕೊಡಬಾರದಲ್ಲ, ಅಪಾ. ನಿಮ್ಮ ಸೊಸೆಗೆ ದಿನ ತುಂಬ್ತಿದೆ. ಹುಟ್ಟೋ ಕೂಸಿಗೆ ಇರಲಿ."

ಯಂತ್ರವನ್ನೂ ದಿಂಬನ್ನೂ ಮಾತ್ರ ಎತ್ತಿಕೊಂಡಳು. ಸಡಿಲಿದ ಪಟ್ಟಿಯನ್ನು ಅವನು ಕಟ್ಟಿದ್ದಷ್ಟೇ ಹಗುರವಾಗಿ ಮತ್ತೆ ಕಟ್ಟಿ, ಒಮ್ಮೆ ಮೆಲ್ಲಗೆ ತೂಗಿದಳು. ಕಣ್ಣು ಮುಚ್ಚಲಿಲ್ಲ.

"ನಿನ್ನನ್ನೇ ನೋಡ್ತಿದ್ದೀನಿ, ತಾಲಾಯ್..."

"ಯಾರ ಜೊತೆಗೇ ಪಿಸುಮಾತು?"

"ತೊಟ್ಟಿಲು ಎರವಲು ತಂದವನ ಜೊತೆ."

"ಏನಂತಾನೆ?"

ಬೇಗಿಮಾಯ್ ದಿಂಬನ್ನು ಎದೆಗವಚಿಕೊಂಡಳು.

"ಎಡಗಡೆಗೆ ಇಟ್ಕೊಂಡು ಮಲಗು ಅಂತಾನೆ."