ಕಪ್ಪು ಸಾರು

ಹನ್ನೆರಡು ವರ್ಷಗಳಿಂದ ತಾನು ಗುಡಿಸಿ ದೀಪ ಹಚ್ಚುತ್ತ ಬಂದ ಸಮಾಧಿಯ ಮುಂದೆ ಬೇರೆ ಯಾರೋ ಟೊಪ್ಪಿ ತೆಗೆದು ನಿಂತಿದ್ದರು. ಲುಡ್ವಿಕಾಳ ಕಾಲು ದಾರಿಯಲ್ಲೇ ನಿಂತಿತು.

ನವೆಂಬರ್ ಒಂದನೇ ತಾರೀಖು, ಸತ್ತವರನ್ನು ನೆನೆಯುವ ಹಬ್ಬ. ವೆರ್ಬಿಚ್ನೊ ಊರಿಗೆ ಊರೇ ಸೇವಂತಿಗೆ ಕುಂಡಗಳನ್ನು ಹೊತ್ತು, ತಮ್ಮ ತಮ್ಮ ಸತ್ತವರನ್ನು ನೋಡಲು ಗುಡ್ಡದ ಮೇಲಿನ ಸ್ಮಶಾನಕ್ಕೆ ಬಂದಿತ್ತು.

"ಯಾರೇ ಅದು?" ಪಕ್ಕದ ಮನೆಯ ಪೆಲಾಜಿಯಾ ಚಿಕ್ಕಮ್ಮ ಮೊಣಕೈಯಿಂದ ತಿವಿದಳು. "ದೀಪ ಕದಿಯೋಕೆ ಬಂದವನ ಹಾಗಿದ್ದಾನೆ."

ಆ ಮನುಷ್ಯ ಕೆಮ್ಮಿದ. ತಿರುಗಿದ.

ಲೆಯೋನ್...

"ಆ ರೈಲಿನವನು. ಇನ್ನೂ ಬದುಕಿದ್ದಾನಾ?" ಅಂದಳು ಪೆಲಾಜಿಯಾ.

"ಚಿಕ್ಕಮ್ಮ, ನೀವು ನಿಮ್ಮ ಯಜಮಾನರ ಹತ್ತಿರ ಹೋಗಿ. ಕಾಯ್ತಿರ್ತಾರೆ."

"ಅವರಿಗೇನು ಅವಸರ? ಅಲ್ಲಿಂದ ಎಲ್ಲೂ ಎದ್ದು ಹೋಗಲ್ಲ," ಎಂದು ಗೊಣಗುತ್ತ ಪೆಲಾಜಿಯಾ ಗಂಡನ ಸಮಾಧಿಯತ್ತ ನಡೆದಳು.

ಮಹಾಯುದ್ಧ ಮುಗಿದು ದೇಶದ ಗಡಿ ಸರಿದಾಗ, ಪೂರ್ವದಲ್ಲಿ ಮನೆಮಠ ಕಳೆದುಕೊಂಡವರನ್ನು ದನದ ಬೋಗಿಗಳಲ್ಲಿ ತಂದು ಈ ಊರಿನಲ್ಲಿ ಇಳಿಸಿದ್ದರು. ಹಳಬರು ಅವರನ್ನು 'ರೈಲಿನವರು' ಎಂದರು. ಚರ್ಚಿನಲ್ಲಿ ಹಳಬರು ಎಡಕ್ಕೆ ಕೂರುತ್ತಿದ್ದರು, ರೈಲಿನವರು ಬಲಕ್ಕೆ. ಬಂದ ಮೊದಲ ಚಳಿಗಾಲದಲ್ಲೇ ಲೆಯೋನನ ತಾಯಿ ತೀರಿಕೊಂಡಳು. ಅವನು ಒಬ್ಬಂಟಿಯಾದ. ಊರಿನ ಅಗ್ನಿಶಾಮಕ ದಳದ ವಾದ್ಯಮೇಳದಲ್ಲಿ ಕಹಳೆ ಊದತೊಡಗಿದ. ಲುಡ್ವಿಕಾ ಎಡಬದಿಯಲ್ಲಿ ಕುಳಿತು ಬಲಕ್ಕೆ ನೋಡುವುದನ್ನು ಕಲಿತಳು.

1949ರ ವಸಂತದಲ್ಲಿ, ಒಂದು ಭಾನುವಾರ, ಅವನು ಹೆಣ್ಣು ಕೇಳಲು ಅವಳ ಮನೆಗೆ ಬಂದ. ಜೊತೆಗೆ ಬರಲು ಹಿರಿಯರೆಂಬವರು ಯಾರೂ ಇರಲಿಲ್ಲ. ಲುಡ್ವಿಕಾಳ ಅಮ್ಮ ಅವನನ್ನು ಊಟಕ್ಕೆ ಕೂರಿಸಿ ತಟ್ಟೆ ಇಟ್ಟಳು. ಅವನು ತಟ್ಟೆಯನ್ನೇ ನೋಡಿದ. ಚಮಚ ಕೆಳಗಿಟ್ಟ. ಅಮ್ಮನಿಗೆ ಬಾಗಿ ವಂದಿಸಿ, ಒಂದು ಮಾತೂ ಆಡದೆ ಹೊರಟುಹೋದ.

ಎರಡು ದಿನದಲ್ಲಿ ಊರನ್ನೇ ಬಿಟ್ಟಿದ್ದ.

"ಚೆನ್ನಾಗಿದ್ದೀಯಾ?" ಸಮಾಧಿಯ ಹತ್ತಿರ ಬಂದ ಅವಳನ್ನು ಲೆಯೋನ್ ಕೇಳಿದ. ಧ್ವನಿ ಸವೆದಿತ್ತು.

"ಇದ್ದೀನಿ."

"ನಮ್ಮಮ್ಮನ ಸಮಾಧಿ ಹುಲ್ಲು ಬೆಳೆದು ಮುಚ್ಚಿಹೋಗಿರುತ್ತೆ ಅಂದುಕೊಂಡಿದ್ದೆ. ಯಾರು ನೋಡಿಕೊಳ್ತಿದಾರೆ?"

"ಯಾರೋ ಒಬ್ಬರು."

ಅವನು ಅವಳ ಕೈಯಲ್ಲಿದ್ದ ಪೊರಕೆಯನ್ನು ನೋಡಿದ.

"ಬೇಡ ಅಂದವಳು ಇದನ್ನ ಯಾಕೆ ಮಾಡಿದೆ, ಲುಡ್ವಿಕಾ?"

"ನಾನು ಬೇಡ ಅಂದೆನಾ? ತಟ್ಟೆ ಮುಂದಿನಿಂದ ಎದ್ದು ಹೋದವನು ನೀನು. ರೈಲಿನವರಿಗೆ ನಮ್ಮ ಮನೆ ಅನ್ನ ಹಿಡಿಸಲಿಲ್ಲ ಅಂತ ಊರೆಲ್ಲ ನಕ್ಕಿತು."

"ನೀವು ನನಗೆ ಕಪ್ಪು ಸಾರು ಬಡಿಸಿದ್ರಿ."

"ಹೌದು. ಬಾತುಕೋಳಿ ರಕ್ತದ ಸಾರು. ಅದಕ್ಕೇನೀಗ?"

"ನಮ್ಮ ಕಡೆ ಹುಡುಗನಿಗೆ ಹೆಣ್ಣು ಕೊಡಲ್ಲ ಅಂತ ಬಾಯಲ್ಲಿ ಹೇಳಲ್ಲ. ಆ ಸಾರು ಬಡಿಸ್ತಾರೆ. ಮರ್ಯಾದೆ ಇರೋನು ಅರ್ಥ ಮಾಡಿಕೊಂಡು ಎದ್ದು ಹೋಗ್ತಾನೆ. ಯಾಕೆ ಅಂತ ಕೇಳಬಾರದು, ಮತ್ತೆ ಆ ಬಾಗಿಲಿಗೆ ಬರಬಾರದು..."

ಲುಡ್ವಿಕಾ ಅಲ್ಲೇ ಕಲ್ಲಿನ ಅಂಚಿನ ಮೇಲೆ ಕುಳಿತುಬಿಟ್ಟಳು.

"ನಮ್ಮಲ್ಲಿ ಮದುವೆ ಮನೆಯಲ್ಲಿ ಮಾಡೋ ಅಡುಗೆ ಅದು," ಅವಳು ಮೆಲ್ಲಗೆ ಹೇಳಿದಳು. "ಮನೇಲಿ ಇದ್ದಿದ್ದು ಒಂದೇ ಬಾತುಕೋಳಿ. ಅಳಿಯ ಬರ್ತಾನೆ ಅಂತ ಅಮ್ಮ ಅದನ್ನೇ ಕೊಯ್ದಳು. ಒಣ ಹಣ್ಣು ಎರವಲು ತಂದು ಹಾಕಿದಳು... ಸಾಯೋವರೆಗೂ ಕೇಳ್ತಿದ್ದಳು, ಉಪ್ಪು ಜಾಸ್ತಿ ಆಗಿತ್ತೇನೇ ಅಂತ."

ಅವನು ಟೊಪ್ಪಿಯನ್ನು ಹಿಂಡಿದ. ಅವಳಿಗೆ ಅಳು ಬರಲಿಲ್ಲ. ಹನ್ನೆರಡು ವರ್ಷ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ಕೇಳಿದ್ದರೆ...

"ಮದುವೆ?" ಕೊನೆಗೆ ಅವಳೇ ಕೇಳಿದಳು.

"ಇಲ್ಲ. ಗಣಿ ಸೇರಿದೆ. ಕಲ್ಲಿದ್ದಲು." ಮತ್ತೆ ಕೆಮ್ಮಿದ. "ಎದೆ ತುಂಬ ಅದರ ದೂಳೇ ಇದೆಯಂತೆ. ಎರಡು ವರ್ಷ ಇದ್ದರೆ ಹೆಚ್ಚು ಅಂದ್ರು ಡಾಕ್ಟರು. ಅದಕ್ಕೇ ಬಂದೆ. ಅಮ್ಮನ ಪಕ್ಕ ಜಾಗ ಇದೆಯಾ ಅಂತ ಪಾದ್ರಿಗಳನ್ನ ಕೇಳೋಣ ಅಂತ."

ಅವಳು ಸಮಾಧಿಯ ಪಕ್ಕದ ಖಾಲಿ ನೆಲವನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ಬಲಬದಿಯಲ್ಲಿ ಕೂರುತ್ತಿದ್ದ ಆ ಹುಡುಗನದೇ.

'ಎರಡು ವರ್ಷ. ನನಗೆ ಇವನ ಜೊತೆ ಒಂದು ಭಾನುವಾರವೂ ಸಿಕ್ಕಿರಲಿಲ್ಲ.'

ಅವಳು ಎದ್ದು ಪೊರಕೆಯನ್ನು ಸಮಾಧಿಯ ಕಲ್ಲಿಗೆ ಒರಗಿಸಿದಳು.

"ಇವತ್ತು ಪಾದ್ರಿಗಳಿಗೆ ಬಿಡುವಿರಲ್ಲ. ಆ ಜಾಗ ಎಲ್ಲಿಗೂ ಹೋಗಲ್ಲ. ನೀನು ಮನೆಗೆ ಬಾ."

"ಲುಡ್ವಿಕಾ, ನಾನು ಹೇಳಿದ್ದು ಕೇಳಿಸಿತಾ? ನನ್ನಿಂದ ನಿನಗೆ ಏನೂ ಸಿಗಲ್ಲ. ಕಾಯಿಲೆಯವನ ಸೇವೆ ಅಷ್ಟೇ."

"ಕೇಳಿಸಿತು. ಆವತ್ತು ನನ್ನನ್ನ ಕೇಳದೆ ನೀನೇ ಉತ್ತರ ತೀರ್ಮಾನ ಮಾಡ್ಕೊಂಡೆ. ಈ ಸಲ ಉತ್ತರ ನಾನು ಹೇಳ್ತೀನಿ. ನೀನು ಬೇಕು."

"ನಾನೂ... ಒಂದು ದಿನವೂ ನಿನ್ನ ಮರೆತಿಲ್ಲ."

"ಗೊತ್ತಾಯ್ತು. ನಡಿ."

ಅವಳು ಅವನ ತೋಳಿನೊಳಗೆ ತನ್ನ ತೋಳು ಸೇರಿಸಿದಳು. ಹತ್ತು ಹೆಜ್ಜೆಗೊಮ್ಮೆ ಅವನು ಉಸಿರಿಗೆ ನಿಲ್ಲುತ್ತಿದ್ದ. ಅವಳೂ ನಿಲ್ಲುತ್ತಿದ್ದಳು. ಸಮಾಧಿಗಳ ನಡುವೆ ಬಗ್ಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು.

"ಊರೆಲ್ಲ ನೋಡ್ತಿದೆ, ಲುಡ್ವಿಕಾ."

"ನೋಡಲಿ ಬಿಡು. ಇಷ್ಟು ವರ್ಷ ನಾನೊಬ್ಬಳೇ ಇಳಿದು ಹೋಗುವಾಗಲೂ ನೋಡ್ತಿತ್ತು."