ಕಿಟಕಿಯ ಕನ್ನಡಿ ಒರೆಸಿದವಳು

"ಯಾರನ್ನ ಕೇಳಿ ನಮ್ಮ ಕಿಟಕಿಗೆ ಕ್ಯಾಮೆರಾ ಹಾಕಿದ್ರಿ?"

ಟೈಲರಮ್ಮ ಕತ್ತರಿ ಹಿಡಿದೇ ಕೇಳಿದಳು. ಬಾಗಿಲಲ್ಲಿದ್ದ, ಗಾಳಿಯ ಹೊಗೆ ಅಳೆಯುವ ಆಫೀಸಿನವನು ಒಂದು ಹೆಜ್ಜೆ ಹಿಂದೆ ಸರಿದ. ಪಾಪ, ಕತ್ತರಿ ಸಣ್ಣದೇನಲ್ಲ!

ಮನೆ ಮಾಲೀಕರ ಒಪ್ಪಿಗೆ ಪತ್ರ ತೋರಿಸಿ, ಕಿಟಕಿಯ ಹೊರಗೆ ಹಾಕಿದ್ದು ಬರೀ ಕನ್ನಡಿ ಎಂದು ಅವನು ವಿವರಿಸಿದ. ರಸ್ತೆಯಾಚೆಯ ಕಟ್ಟಡದಿಂದ ಬಿಟ್ಟ ಲೇಸರ್ ಕಿರಣ ವಾಹನಗಳ ಹೊಗೆ ದಾಟಿ ಬಂದು, ಈ ಕನ್ನಡಿಗೆ ಬಡಿದು ವಾಪಸ್ ಹೋಗುತ್ತದೆ. ದಾರಿಯಲ್ಲಿ ಎಷ್ಟು ಬೆಳಕು ಕಳೆದುಹೋಯಿತೆಂದು ನೋಡಿದರೆ, ಹೊಗೆ ಎಷ್ಟಿದೆ ಎಂದು ತಿಳಿಯುತ್ತದೆ.

ಅಷ್ಟರಲ್ಲಿ ಕಿಟಕಿ ಪಕ್ಕದ ಮಂಚದಿಂದ ಅವಳ ಅಪ್ಪನ ಕೆಮ್ಮು ಶುರುವಾಯಿತು. ಅವನು ಆ ಕಡೆಯೇ ನೋಡುತ್ತ ನಿಂತ.

ವಾರದ ಮೇಲೆ ಒಂದು ಚೀಟಿ ತಂದುಕೊಟ್ಟ. ಬೆಳಿಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದರಿಂದ ಎಂಟು ಹೊಗೆ ವಿಪರೀತ, ಆಗ ಕಿಟಕಿ ಮುಚ್ಚಿ, ಮಂಚ ಹಿಂದಿನ ಕೋಣೆಗೆ ಹಾಕಿ ಎಂದ. ಅವಳು ಹಾಗೆಯೇ ಮಾಡಿದಳು. ಹತ್ತೇ ದಿನಕ್ಕೆ ಅಪ್ಪ ಒಮ್ಮೆಯೂ ಕೆಮ್ಮದೆ ಊಟ ಮುಗಿಸಿದರು. ಅವಳು ಅಡುಗೆಮನೆಗೆ ಹೋಗಿ ಅತ್ತಳು.

'ಇವರ ಉಪಕಾರಕ್ಕೆ ನಾನೇನು ಮಾಡಲಿ...'

ಗೊತ್ತಿದ್ದುದನ್ನೇ ಮಾಡಿದಳು. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ ಒರೆಸುವ ಬಟ್ಟೆಯಿಂದಲೇ ದಿನಾ ಬೆಳಿಗ್ಗೆ ಕನ್ನಡಿಯನ್ನೂ ಒರೆಸಿದಳು. ಫಳಫಳ!

ಎಣ್ಣೆಯ ಪಸೆ ಬೆಳಕನ್ನು ನುಂಗಿತು. ವಾಹನವೇ ಇಲ್ಲದ ಭಾನುವಾರವೂ ರಸ್ತೆ ತುಂಬ ಹೊಗೆ ಇದ್ದಂತೆ ತೋರಿತು. ಅವನು ಬಂದು ಕನ್ನಡಿಯ ಮೇಲೆ ಬೆರಳಾಡಿಸಿ, ಅಳತೆಯೆಲ್ಲ ಕೆಟ್ಟಿತು ಎಂದಷ್ಟೇ ಹೇಳಿ, ಅದನ್ನು ಬಿಚ್ಚಿಕೊಂಡು ಹೋದ. ಅವನ ತಿಂಗಳ ದುಡಿಮೆ ನೀರಿನಲ್ಲಿ ಹೋಮ.

ಎಂಟು ದಿನ ಅವನ ಸುಳಿವಿಲ್ಲ. ಅಪ್ಪನಿಗೆ ಉಸಿರು ಕೊಟ್ಟವನ ಕೆಲಸಕ್ಕೇ ಕುತ್ತು ತಂದೆನೇ... ಅವನು ಇನ್ನು ಬರುವುದೇ ಇಲ್ಲವೇ... ಅವಳು ಹೊಲಿದ ತೋಳುಗಳೆಲ್ಲ ಎಡಬಲ ತಪ್ಪಿದವು.

ಒಂಬತ್ತನೆಯ ದಿನ ಅವನು ಹೊಸ ಕನ್ನಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನನ್ನಿಂದ ನಿಮ್ಮ ಕೆಲಸಕ್ಕೆ..." ಹೊಲಿಗೆ ಬಿಟ್ಟು ಎದ್ದು ಬಂದವಳ ಕೈಯಲ್ಲಿ ಕತ್ತರಿ ಹಾಗೇ ಇತ್ತು.

"ಒರೆಸಬೇಡಿ ಅಂತ ನಾನು ಹೇಳೇ ಇರಲಿಲ್ಲ, ತಪ್ಪು ನಂದೇ ಅಂತ ಆಫೀಸಲ್ಲಿ ಒಪ್ಕೊಂಡೆ. ಮತ್ತೆ ಮೊದಲಿಂದ ಅಳೀಬೇಕಂತೆ."

"ಬೇಜಾರಿಲ್ವಾ?"

"ಅಳತೆ ಕೆಡದಿದ್ರೆ ಇಷ್ಟೊತ್ತಿಗೆ ಇಲ್ಲಿ ಕೆಲಸ ಮುಗಿದುಹೋಗಿರೋದು. ಆಮೇಲೆ ನಿಮ್ಮನ್ನ ನೋಡೋಕೆ ಏನು ನೆಪ ಹೇಳ್ಕೊಂಡು ಬರ್ತಿದ್ದೆ? ನಾನೇ ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

"ಆ ಕತ್ತರಿ ಕೆಳಗಿಟ್ಟು ಮಾತಾಡು ಮಗಳೇ," ಹಿಂದಿನ ಕೋಣೆಯಿಂದ ಅಪ್ಪ ಅಂದರು, ಕೆಮ್ಮದೆ.

ಅವಳು ಕತ್ತರಿ ಕೆಳಗಿಟ್ಟಳು.

"ನೆಪ ಯಾಕೆ ಬೇಕು... ಕಿಟಕಿ ಮುಚ್ಚಿದ್ರೂ, ನಿಮಗೆ ಬಾಗಿಲು ತೆಗೆದೇ ಇರುತ್ತೆ."